ಈಜು ಬರುತ್ತಾ ಅಂತ ಕೇಳಬೇಡಿ, ನಡುನೀರಲ್ಲಿ ನಿಲ್ಲೋಕೆ ಬರುತ್ತಾ ಅಂತ ಕೇಳಿ

ಮಕ್ಕಳನ್ನು ಟ್ರಯಥ್ಲಾನ್ (ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸುವ ಸ್ಪರ್ಧೆ) ತರಬೇತಿಗೆ ಸೇರಿಸುವ ಅಪ್ಪ ಅಮ್ಮಂದಿರು ನನ್ನ ಹತ್ತಿರ ಮೊದಲು ಹೇಳುವ ಮಾತು ಇದು: "ನಮ್ಮ ಮಗಳು 50 ಮೀಟರ್ ಈಜ್ತಾಳೆ, ಸಾಕಲ್ವಾ?" ಸಾಲದು ಅಂದರೆ ಮುಖ ಸಪ್ಪಗಾಗುತ್ತದೆ. ಒಬ್ಬೊಬ್ಬರಿಗೂ ನಿಂತಲ್ಲೇ ವಿವರಿಸೋಕೆ ಆಗೋದಿಲ್ಲ, ಅದಕ್ಕೇ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಮಕ್ಕಳ ಸ್ಪರ್ಧೆಯೊಂದರಲ್ಲಿ ಕೊಳದ ಅಂಚಿನಲ್ಲಿ ನಿಂತು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಎಂಟು ವರ್ಷದ ಒಬ್ಬ ಹುಡುಗ ಚೆನ್ನಾಗಿಯೇ ಹೊರಟ. ಅರ್ಧ ದಾರಿಯಲ್ಲಿ ಮುಂದಿದ್ದವನ ಕಾಲು ತಗುಲಿ ಗಾಗಲ್ಸ್ ಜಾರಿತು. ಅಲ್ಲಿಗೆ ಈಜು ನಿಂತುಹೋಯಿತು. ಅವನು ಕಿರುಚಲಿಲ್ಲ, ಕೈ ಬೀಸಲಿಲ್ಲ. ಮೈ ನೀರಿನಲ್ಲಿ ನೆಟ್ಟಗಾಯಿತು, ತಲೆ ಹಿಂದಕ್ಕೆ ವಾಲಿತು, ಬಾಯಿ ಒಮ್ಮೆ ನೀರಿನ ಮೇಲೆ, ಒಮ್ಮೆ ಕೆಳಗೆ. ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ ನೀರನ್ನು ಕೆಳಗೆ ಒತ್ತುತ್ತಿದ್ದ. ಒಂದು ಮಾರು ದೂರದಲ್ಲಿ ಲೇನ್ ಹಗ್ಗ, ಅಂದರೆ ಈಜುವ ಸಾಲುಗಳನ್ನು ಬೇರ್ಪಡಿಸುವ ತೇಲುವ ಹಗ್ಗ ಇತ್ತು. ಅದನ್ನು ಹಿಡಿದುಕೊಳ್ಳಬಹುದು ಅಂತ ಅವನಿಗೆ ಹೊಳೆಯಲೇ ಇಲ್ಲ. ದಡದಲ್ಲಿದ್ದವರು ಚಪ್ಪಾಳೆ ತಟ್ಟುತ್ತಲೇ ಇದ್ದರು. ನಾನು ಕೂಗುವಷ್ಟರಲ್ಲಿ ಲೈಫ್‌ಗಾರ್ಡ್ ಹಾರಿ ಅವನನ್ನು ಎತ್ತಿದ್ದರು. ಎಲ್ಲ ಸೇರಿ ಹದಿನೈದು ಸೆಕೆಂಡ್ ಇರಬಹುದು.

ಅವನ ಅಮ್ಮ ನಡುಗುತ್ತಾ ಹೇಳಿದ್ದು: "ಸುಸ್ತಾಗಿ ನಿಂತಿದ್ದಾನೆ ಅಂದ್ಕೊಂಡೆ."

ಅವರದೇನೂ ತಪ್ಪಿಲ್ಲ. ಮುಳುಗುವುದು ನೋಡೋಕೆ ಹಾಗೇ ಇರುತ್ತದೆ. ಅಮೆರಿಕದ ಲೈಫ್‌ಗಾರ್ಡ್ ಫ್ರಾಂಕ್ ಪಿಯಾ ಇದನ್ನು ಗಮನವಿಟ್ಟು ಅಧ್ಯಯನ ಮಾಡಿ ವಿವರಿಸಿದ್ದಾರೆ. ಉಸಿರಿಗೇ ಪುರುಸೊತ್ತಿಲ್ಲದ ಬಾಯಿಂದ ಕೂಗು ಬರುವುದಿಲ್ಲ, ಕೈಗಳು ತಾವಾಗಿಯೇ ನೀರನ್ನು ಒತ್ತುತ್ತವೆ, ಆ ಸ್ಥಿತಿಯಲ್ಲಿ ಮನುಷ್ಯ ನೀರಿನ ಮೇಲೆ ಉಳಿಯುವುದು 20ರಿಂದ 60 ಸೆಕೆಂಡ್ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 5ರಿಂದ 14 ವರ್ಷದವರ ಸಾವಿಗೆ ನೀರಿನಲ್ಲಿ ಮುಳುಗುವುದು ಮೂರನೇ ದೊಡ್ಡ ಕಾರಣ. ನಾವು ಸ್ಪರ್ಧೆಗೆ ಕರೆತರುವುದು ಸರಿಯಾಗಿ ಇದೇ ವಯಸ್ಸಿನ ಮಕ್ಕಳನ್ನು.

ಸೈಕಲ್ ಹೊಡೆಯುವಾಗ ಭಯವಾದರೆ ಬ್ರೇಕ್ ಹಾಕಿ ಕಾಲು ಊರಬಹುದು. ಓಡುವಾಗ ಸುಸ್ತಾದರೆ ರಸ್ತೆ ಬದಿಯಲ್ಲಿ ಕೂರಬಹುದು. ನೀರಿನಲ್ಲಿ ಮಾತ್ರ, ನಿಲ್ಲುವುದನ್ನೂ ಕಲಿತೇ ಬಂದಿರಬೇಕು. ದೊಡ್ಡವರ ವಿಷಯದಲ್ಲೂ ಹೀಗೇ. ಅಮೆರಿಕದಲ್ಲಿ 1985ರಿಂದ 2016ರವರೆಗಿನ ಟ್ರಯಥ್ಲಾನ್‌ಗಳನ್ನು ಪರಿಶೀಲಿಸಿದಾಗ ಸಾವು ಮತ್ತು ಹೃದಯಸ್ತಂಭನ ಸೇರಿ 135 ಪ್ರಕರಣ ಸಿಕ್ಕವು, ಅದರಲ್ಲಿ 90 ಈಜಿನ ಹಂತದಲ್ಲೇ ಆದವು.

ಆದ್ದರಿಂದ ಎಷ್ಟು ಮೀಟರ್ ಅನ್ನುವ ಲೆಕ್ಕ ನನಗೆ ಎರಡನೆಯದು. ಅಮೆರಿಕನ್ ರೆಡ್ ಕ್ರಾಸ್ ನೀರಿನ ಸಾಮರ್ಥ್ಯಕ್ಕೆ ಒಂದು ಅಳತೆ ಇಟ್ಟಿದೆ: ತಲೆ ಮುಳುಗುವ ಆಳಕ್ಕೆ ಇಳಿದು ಮೇಲೆ ಬರಬೇಕು, ಒಂದು ನಿಮಿಷ ತೇಲಬೇಕು ಇಲ್ಲವೇ ನಿಂತಲ್ಲೇ ಕಾಲಾಡಿಸುತ್ತಾ ಇರಬೇಕು, ಸುತ್ತ ತಿರುಗಿ ಹೊರಬರುವ ಜಾಗ ಗುರುತಿಸಬೇಕು, 25 ಗಜ ಈಜಿ ಅಲ್ಲಿಗೆ ತಲುಪಬೇಕು, ಏಣಿಯಿಲ್ಲದೆ ಮೇಲೆ ಹತ್ತಬೇಕು. ಐದರಲ್ಲಿ ಈಜಿನ ದೂರ ಕೇಳುವುದು ಒಂದೇ ಒಂದು, ಗಮನಿಸಿ. ಇದಕ್ಕೆ ನಾನು ಇನ್ನೆರಡು ಸೇರಿಸುತ್ತೇನೆ. ನಡುನೀರಲ್ಲಿ ಗಾಗಲ್ಸ್ ಕಿತ್ತುಕೊಂಡರೂ ಮಗು ಅಂಗಾತ ತಿರುಗಿ ಉಸಿರಾಡಬೇಕು. ಪಕ್ಕದಲ್ಲಿ ಇಬ್ಬರು ಮಕ್ಕಳು ಬೇಕಂತಲೇ ನೀರು ಎರಚುತ್ತಾ ಈಜಿದರೂ ಅಳಬಾರದು. ಇವೆರಡನ್ನೂ ಕೋಚ್ ಕೈಯಳತೆಯಲ್ಲಿ ಇದ್ದುಕೊಂಡೇ ಮಾಡಿಸಬೇಕು, ಆಟದ ಹಾಗೆ.

ಉಸಿರಿನ ವಿಷಯ ಇನ್ನೊಂದು. ಎಷ್ಟೋ ಮಕ್ಕಳು ಮುಖ ನೀರಿನೊಳಗಿದ್ದಷ್ಟು ಹೊತ್ತೂ ಉಸಿರು ಬಿಗಿಹಿಡಿದೇ 25 ಮೀಟರ್ ಮುಗಿಸುತ್ತಾರೆ. ನೋಡೋಕೆ ಸೊಗಸಾದ ಫ್ರೀಸ್ಟೈಲ್! ಆದರೆ ಉಸಿರು ಹೊರಗೆ ಬಿಡದೆ ಎದೆಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು, ಮೂವತ್ತನೇ ಮೀಟರಿಗೆ ಗಾಬರಿ ಶುರು. ಮಗುವಿನ ಮುಖದ ಬಳಿ ಗುಳ್ಳೆ ಬರುತ್ತಿದೆಯಾ ನೋಡಿ. ಬರದಿದ್ದರೆ ಇನ್ನೂ ಕಲಿಯುವುದಿದೆ.

ಕೊಳದಲ್ಲೇ ಹೀಗಾದರೆ ಕೆರೆ, ಸಮುದ್ರದ ಮಾತು ಬೇರೆ. ಅಲ್ಲಿ ತಳದಲ್ಲಿ ದಾರಿ ತೋರಿಸುವ ಕಪ್ಪು ಗೆರೆ ಇಲ್ಲ, ಹಿಡಿಯೋಕೆ ಗೋಡೆ ಇಲ್ಲ, ನೀರೂ ತಣ್ಣಗೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖ ಎಳೆದುಕೊಳ್ಳುತ್ತದೆ. ಸಣ್ಣ ಮಕ್ಕಳ ಮೈ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಹಾಗಾಗಿ ನಮಗಿಂತ ಬೇಗ ತಣ್ಣಗಾಗುತ್ತಾರೆ. ತುಟಿ ನೀಲಿಯಾದ ಮಗುವನ್ನು "ಇನ್ನೊಂದೇ ಸುತ್ತು" ಅಂತ ಹುರಿದುಂಬಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಟ್ರಯಥ್ಲಾನ್ ನಿಯಮದಲ್ಲೇ ಒಂದು ಒಳ್ಳೆಯ ಅನುಕೂಲ ಇದೆ. ಈಜುವಾಗ ಬೋಯ್ (ದಾರಿ ಗುರುತಿಗೆ ನೀರಿನಲ್ಲಿ ತೇಲಿಬಿಟ್ಟ ಬುರುಡೆ) ಅಥವಾ ನಿಂತಿರುವ ದೋಣಿ ಹಿಡಿದು ದಣಿವಾರಿಸಿಕೊಳ್ಳಬಹುದು, ಅದರ ಆಸರೆಯಲ್ಲಿ ಮುಂದೆ ಸಾಗಬಾರದು ಅಷ್ಟೇ. ಹಾಗೆ ನಿಂತವರನ್ನು ಸ್ಪರ್ಧೆಯಿಂದ ಹೊರಹಾಕುವುದಿಲ್ಲ. ಇದನ್ನು ಎಷ್ಟು ಮಕ್ಕಳಿಗೆ ಹೇಳಿದ್ದೇವೆ? ಹಗ್ಗ ಮುಟ್ಟಿದರೆ ಸೋತ ಹಾಗೆ ಅಂತಲೇ ಅವರು ನಂಬಿಕೊಂಡಿರುತ್ತಾರೆ. ಹೇಳಿದರೂ ಸಾಲದು, ಪ್ರತಿ ಅಭ್ಯಾಸದಲ್ಲೂ ಒಮ್ಮೆ ನಡುವೆ ನಿಲ್ಲಿಸಿ, ಹಗ್ಗ ಹಿಡಿಸಿ, ಹತ್ತು ಎಣಿಸಿ, ಮತ್ತೆ ಹೊರಡಿಸಬೇಕು.

"ನೀರಿಗಿಳಿಯದೆ ಈಜು ಬಾರದು" ಅಂತ ಗಾದೆ ಹೇಳಿ ನನ್ನ ಬಾಯಿ ಮುಚ್ಚಿಸುವವರಿದ್ದಾರೆ. ಇಳಿಯಲಿ ಬಿಡಿ, ದಿನಾ ಇಳಿಯಲಿ. ಆದರೆ ಎದೆಗೆ ನಂಬರ್ ಕಟ್ಟಿಸಿಕೊಂಡು, ಮೆಡಲ್ ಆಸೆಯಲ್ಲಿ, ಇಪ್ಪತ್ತು ಮಕ್ಕಳ ಕಾಲುಗಳ ನಡುವೆ ಇಳಿಯುವುದು ಕಲಿಕೆಯಲ್ಲ. ಇನ್ನೂ ತಯಾರಾಗದ ಮಗುವಿಗೆ ಓಟ, ಸೈಕಲ್, ಮತ್ತೆ ಓಟದ ಡ್ಯುಯಥ್ಲಾನ್ ಇದೆ. ಒಂದು ವರ್ಷ ಅದನ್ನೇ ಮಾಡಲಿ.

ಆ ಹುಡುಗನ ಅಪ್ಪ ಅಮ್ಮ ಹಾಗೇ ಮಾಡಿದರು. ಸ್ಪರ್ಧೆ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ನಂಬರ್ ಹಂಚುವ ಮುಂಚೆ ಒಂದು ಬೆಳಿಗ್ಗೆಯನ್ನು ಈ ಪರೀಕ್ಷೆಗೆ ಮೀಸಲಿಡಿ, ಮಕ್ಕಳನ್ನು ಕೆಲವು ಸೆಕೆಂಡ್ ಬಿಟ್ಟು ಒಬ್ಬೊಬ್ಬರನ್ನೇ ನೀರಿಗೆ ಬಿಡಿ, ಲೈಫ್‌ಗಾರ್ಡ್‌ಗೆ ನೀರು ನೋಡುವುದು ಬಿಟ್ಟು ಬೇರೆ ಯಾವ ಕೆಲಸವನ್ನೂ ಹಚ್ಚಬೇಡಿ. ಕೈ ಕಡಿಮೆ ಬಿದ್ದರೆ ಹೇಳಿ, ನಾನು ಬರುತ್ತೇನೆ.