ಬಡ್ತಿ ಸಿಕ್ಕ ಮೇಲೆ ನಾನು ಮೂರು ಸಲ ವಾಪಸ್ ಕಳಿಸಿದ ಫೈಲ್

ಹೋದ ವಾರ ಕಲಬುರಗಿಯಿಂದ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಎಂಎಸ್‌ಡಬ್ಲ್ಯೂ, ಅಂದ್ರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಈಗಷ್ಟೇ ಮುಗಿಸಿದ್ದಾಳೆ. "ಅಕ್ಕಾ, ಈ ಲೈನ್‌ನ್ಯಾಗ ಮ್ಯಾಲ ಹೋಗಬೇಕಂದ್ರ ಎಷ್ಟು ವರ್ಷ ಬೇಕ್ರಿ?" ಅಂದಳು. ಕೇಳಿದ್ದರಲ್ಲಿ ತಪ್ಪೇನಿಲ್ಲ. ಸೇವೆ ಅನ್ನೋ ಹೆಸರಲ್ಲಿ ಪುಡಿಗಾಸು ಕೊಟ್ಟು ದುಡಿಸಿಕೊಳ್ಳುವವರು ಬೇಕಾದಷ್ಟಿದ್ದಾರೆ, ಸಂಬಳದ ಮಾತೆತ್ತಿದರೆ ಮುಖ ಗಂಟು ಹಾಕುತ್ತಾರೆ. ಫೋನಲ್ಲಿ ಏನೋ ಒಂದು ಹೇಳಿ ಇಟ್ಟೆ. ನಿಜವಾಗಿ ಹೇಳಬೇಕಾಗಿದ್ದದ್ದು ಇದು.

ನಾನು ಯಾದಗಿರಿ ಜಿಲ್ಲೆಯಲ್ಲಿ ಹಳ್ಳಿ ತಿರುಗುವ ಕಾರ್ಯಕರ್ತೆಯಾಗಿ ಸೇರಿದವಳು. ಒಂಬತ್ತು ವರ್ಷ ಆದ ಮೇಲೆ ಸಂಯೋಜಕಿ ಮಾಡಿದರು. ಒಂದು ಟೇಬಲ್, ತಿರುಗೋ ಕುರ್ಚಿ, ಕೈಕೆಳಗೆ ಹನ್ನೊಂದು ಜನ. ನನ್ನ ಟೇಬಲ್ ಮೇಲೆ ಒಂದೂ ಫೈಲ್ ಉಳಿಯುತ್ತಿರಲಿಲ್ಲ, ಅದೇ ದೊಡ್ಡ ಹೆಮ್ಮೆ.

ಆಗ ಸುರಪುರ ಕಡೆಯ ಒಂದು ತಾಂಡಾದಿಂದ ಒಬ್ಬ ಹೆಂಗಸಿನ ಫೈಲ್ ಬಂತು. ಪುಣೆಗೆ ಗುಳೆ ಹೋಗಿದ್ದ ಗಂಡ ಕಟ್ಟಡದ ಕೆಲಸದಲ್ಲಿ ತೀರಿಕೊಂಡಿದ್ದ. ಇಬ್ಬರು ಮಕ್ಕಳು. ಇಂಥ ಮನೆಗಳಿಗೇ ಅಂತ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣೆಯ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅನ್ನೋ ನೆರವು ಇದೆ, ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಹಳ್ಳಿಯವರಾದರೆ ವರ್ಷದ ಆದಾಯ 72,000 ದಾಟಿರಬಾರದು. ಇವರ ಆದಾಯ ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಆದರೆ ಮರಣ ಪ್ರಮಾಣಪತ್ರ ಇರಲಿಲ್ಲ. "ದಾಖಲೆ ಅಪೂರ್ಣ" ಅಂತ ಬರೆದು ವಾಪಸ್ ಕಳಿಸಿದೆ. ಮತ್ತೆ ಬಂತು, ಮತ್ತೆ ಕಳಿಸಿದೆ. ಮೂರನೇ ಸಲ ನಮ್ಮ ಕಾರ್ಯಕರ್ತೆ ಫೈಲ್ ತಗೊಳ್ಳದೆ ಬಾಗಿಲಲ್ಲೇ ನಿಂತಳು. "ಮೇಡಂ, ನೀವೊಮ್ಮೆ ಬರ್ರಿ" ಅಂದಳು, ಅಷ್ಟೇ.

ಹೋದೆ. ಅಜ್ಜಿ ಟ್ರಂಕಿನಿಂದ ಒಂದು ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲ ತೆಗೆದಳು. ಆಧಾರ್, ರೇಷನ್ ಕಾರ್ಡು, ಯಾವುದೋ ಹಳೇ ಕರೆಂಟ್ ಬಿಲ್ಲು, ಮಡಚಿ ಮಡಚಿ ಹರಿದುಹೋದ ಮರಾಠಿ ದವಾಖಾನೆ ಚೀಟಿ. ಒಂದೊಂದನ್ನೇ ನೆಲದ ಮೇಲೆ ಹರಡಿ, "ಇದರಾಗ ಯಾವುದು ಬೇಕು ತಗೋಳವ್ವಾ" ಅಂದಳು. ಅವಳಿಗೆ ಓದಲು ಬರಲ್ಲ. ನನಗೆ ಓದಲು ಬರುತ್ತಿತ್ತು, ಆದರೂ ಮೂರು ಸಲ ಓದದೇ ಕಳಿಸಿದ್ದೆ. ಯಾಕಂದ್ರೆ ಆ ಚೀಟಿಯ ಜೆರಾಕ್ಸ್ ಮೊದಲ ದಿನದಿಂದಲೂ ಫೈಲ್‌ನಲ್ಲೇ ಇತ್ತು, ಎಲ್ಲಿ ವಿಚಾರಿಸಬೇಕು ಅನ್ನೋದಕ್ಕೆ ಅದೇ ಸುಳಿವು.

ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ ಆಗಬೇಕು. 21 ದಿನದೊಳಗೆ ತಿಳಿಸಬೇಕು, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಇದು ತಾಂಡಾದ ಅಜ್ಜಿಗೆ ಹೇಗೆ ಗೊತ್ತಾಗಬೇಕು? ನಮ್ಮ ಕಾರ್ಯಕರ್ತೆ ತಾನಾದರೂ ಪುಣೆಯ ಆಫೀಸಿಗೆ ಫೋನ್ ಮಾಡಿದರೆ ಯಾರು ಎತ್ತುತ್ತಾರೆ? ಆ ಫೋನ್ ಮಾಡಬೇಕಾಗಿದ್ದದ್ದು ನಾನು. ಕುರ್ಚಿ ಕೊಟ್ಟಿದ್ದೇ ಅದಕ್ಕೆ. ಮನೆಯ ಕಷ್ಟ ಕಾರ್ಯಕರ್ತೆಗೆ ನನಗಿಂತ ಜಾಸ್ತಿ ಗೊತ್ತು, ಆದರೆ ಅವಳ ಮಾತು ಆಫೀಸುಗಳಲ್ಲಿ ನಡೆಯಲ್ಲ. ನಮ್ಮ ಮಾತು ಒಂದಿಷ್ಟು ನಡೆಯುತ್ತೆ ಅಂತಾನೇ ಅಲ್ವಾ ಮೇಲೆ ಕೂರಿಸೋದು? ನಾವು ನೋಡಿದರೆ ಕೆಳಗಿನವರ ಫೈಲಿನಲ್ಲಿ ತಪ್ಪು ಹುಡುಕುತ್ತಾ ಕೂರುತ್ತೇವೆ.

ಇನ್ನು ನಮ್ಮ ಮೀಟಿಂಗ್‌ಗಳು. ಎಷ್ಟು ತರಬೇತಿ, ಎಷ್ಟು ಜನ, ಫೋಟೋ ಎಲ್ಲಿ. ಬ್ಯಾನರ್ ಇಲ್ಲದಿದ್ದರೆ ಕಾರ್ಯಕ್ರಮ ಆದಂಗೇ ಅಲ್ಲ! ಒಂದು ಮಗು ಮನೆಯಿಂದ ದೂರ ಇಡುವ ಬಾಲಮಂದಿರಕ್ಕೆ ಹೋಗದೆ ತಾಯಿ ಹತ್ತಿರವೇ ಉಳಿಯಿತು ಅನ್ನೋದಕ್ಕೆ ಯಾವ ಕಾಲಂನಲ್ಲೂ ಜಾಗ ಇಲ್ಲ.

ತೀರಿಕೊಂಡವನಿಗೆ ಕೆಲಸ ಕೊಟ್ಟಿದ್ದ ಪುಣೆಯ ಗುತ್ತೇದಾರ ಮೊದಲು ಫೋನೇ ಕಟ್ ಮಾಡಿದ. ಬೆನ್ನು ಬಿಡಲಿಲ್ಲ. ನಾಲ್ಕು ತಿಂಗಳಾದ ಮೇಲೆ ಪ್ರಮಾಣಪತ್ರ ಬಂತು. ತಗೊಂಡು ತಾಂಡಾಕ್ಕೆ ಹೋದರೆ ಮನೆಗೆ ಬೀಗ. ತೊಗರಿ ರಾಶಿ ಮುಗಿದಿದ್ದೇ ತಡ, ತಾಯಿ ದೊಡ್ಡ ಮಗಳನ್ನು ಕರಕೊಂಡು ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದಳು, ಚಿಕ್ಕವನು ಅಜ್ಜಿ ಜೊತೆ ಹೊಲದಲ್ಲಿದ್ದ. ಅವರು ವಾಪಸ್ ಬಂದ ಮೇಲೆ ದುಡ್ಡೂ ಶುರುವಾಯಿತು. ಹುಡುಗಿ ಈಗ ಶಾಲೆಗೆ ಹೋಗುತ್ತಾಳೆ, ಅವಳ ಜೊತೆಯವರಿಗಿಂತ ಒಂದು ಕ್ಲಾಸ್ ಹಿಂದೆ.