ಆನ್ ಆಗ್ತಿಲ್ಲ ಅಂದ್ರೆ ಹಾಳಾಗಿದೆ ಅಂತಲ್ಲ

ಕಳೆದ ತಿಂಗಳು ಸಾಗರದ ಹತ್ತಿರದ ನಮ್ಮೂರಿಗೆ ಹೋದಾಗ ಅಪ್ಪನ ಹಳೇ ಎಂಪಿತ್ರೀ ಪ್ಲೇಯರ್ ಕಣ್ಣಿಗೆ ಬಿತ್ತು. ಅಡಿಕೆ ಲೆಕ್ಕದ ಪುಸ್ತಕಗಳ ಮಧ್ಯೆ ರಬ್ಬರ್ ಬ್ಯಾಂಡ್ ಸುತ್ತಿಸಿಕೊಂಡು ಕೂತಿತ್ತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಒಂದು ಕಾಲದಲ್ಲಿ ಸುತ್ತಮುತ್ತ ಎಲ್ಲೇ ತಾಳಮದ್ದಲೆ ಇರಲಿ, ಅಪ್ಪ ಮುಂದಿನ ಸಾಲಿನಲ್ಲಿ ಕೂತು, ಇದನ್ನು ಅಂಗಿ ಜೇಬಿಗೆ ಹಾಕಿಕೊಂಡು ರಾತ್ರಿಯಿಡೀ ರೆಕಾರ್ಡ್ ಮಾಡುತ್ತಿದ್ದರು.

ಬಟನ್ ಒತ್ತಿದೆ. ಏನೂ ಇಲ್ಲ. ‘ಅದು ಸತ್ತು ನಾಲ್ಕು ವರ್ಷ ಆಯ್ತು ಮಾರಾಯ, ಬಿಸಾಕು’ ಅಂದರು ಅಪ್ಪ. ಪೇಟೆಯ ಒಂದು ಅಂಗಡಿಗೆ ಆಗಲೇ ತೋರಿಸಿದ್ದರಂತೆ. ಅವನು ಸ್ಕ್ರೂ ಕೂಡ ಬಿಚ್ಚದೆ ‘ಬೋರ್ಡ್ ಹೋಗಿದೆ’ ಅಂದನಂತೆ.

ನನಗೆ ಕೋಪ ಬರುವುದು ಇಲ್ಲೇ. ‘ಬೋರ್ಡ್ ಹೋಗಿದೆ’ ಅನ್ನೋದು ಈಗ ‘ನನಗೆ ಪುರುಸೊತ್ತಿಲ್ಲ’ ಅನ್ನುವುದರ ಇನ್ನೊಂದು ಹೆಸರಾಗಿಬಿಟ್ಟಿದೆ. ಅಂಗಡಿಯವನನ್ನು ಪೂರ್ತಿ ಬಯ್ಯೋಕೂ ಆಗಲ್ಲ. ಇಂಥದ್ದಕ್ಕೆ ಒಂದು ಗಂಟೆ ಕೊಟ್ಟರೆ ಅವನಿಗೆ ಸಿಗುವುದು ನೂರು ರೂಪಾಯಿ. ಆದರೆ ಮನೆಯಲ್ಲಿ ಕೂತ ನಮಗೇನು ದಾಡಿ?

ಮೊದಲು ನೋಡಿದ್ದು ಪಕ್ಕದ ಹೋಲ್ಡ್ ಸ್ವಿಚ್ಚು. ಜೇಬಿನಲ್ಲಿರುವಾಗ ಬಟನ್ ತಾನಾಗೇ ಒತ್ತಿಹೋಗದಿರಲಿ ಅಂತ ಆಗಿನ ಪ್ಲೇಯರ್‌ಗಳಲ್ಲಿ ಇದನ್ನು ಕೊಡುತ್ತಿದ್ದರು. ಅದು ಲಾಕ್ ಆಗಿದ್ದರೆ ಎಷ್ಟು ಒತ್ತಿದರೂ ಅಷ್ಟೇ. ನಮ್ಮದು ಲಾಕ್ ಆಗೇ ಇತ್ತು! ಕುಣಿಯುತ್ತಾ ಲಾಕ್ ತೆಗೆದೆ. ಆದರೂ ಆನ್ ಆಗಲಿಲ್ಲ.

ಆಮೇಲೆ ಚಾರ್ಜಿಂಗ್ ತೂತು. ಮಿನಿ ಯುಎಸ್‌ಬಿ, ಹಳೇ ಡಿಜಿಟಲ್ ಕ್ಯಾಮರಾಗಳಿಗೆ ಇರುತ್ತಿತ್ತಲ್ಲ, ಅದೇ. ಟಾರ್ಚ್ ಹಿಡಿದು ನೋಡಿದರೆ ಒಳಗೆ ಅಂಗಿ ಜೇಬಿನ ನೂಲು, ಧೂಳು ಸೇರಿ ಬತ್ತಿಯ ಹಾಗೆ ಗಟ್ಟಿಯಾಗಿತ್ತು. ಸೂಜಿ ಹಾಕಬೇಡಿ, ಪಿನ್ನು ಬಾಗುತ್ತೆ. ನಾನು ಉರಿದು ಮುಗಿದ ಊದುಬತ್ತಿ ಕಡ್ಡಿಯನ್ನು ಚೂಪು ಮಾಡಿ ಮೆಲ್ಲಗೆ ಕೆರೆದೆ. ಕ್ಯಾಮರಾದ ಕೇಬಲ್ ಹುಡುಕಿ ಲ್ಯಾಪ್‌ಟಾಪಿಗೆ ಚುಚ್ಚಿದೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಕಪ್ಪು ಸ್ಕ್ರೀನು.

ಹೆಚ್ಚಿನವರು ಕೈಬಿಡುವುದು ಈ ಹಂತದಲ್ಲೇ. ಲಿಥಿಯಂ ಬ್ಯಾಟರಿ ತುಂಬಿದಾಗ 4.2 ವೋಲ್ಟ್ ಇರುತ್ತೆ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದರೆ 3 ವೋಲ್ಟಿಗಿಂತ ಕೆಳಗೆ ಇಳಿದುಬಿಡುತ್ತೆ. ಆಗ ಒಳಗಿನ ಚಾರ್ಜಿಂಗ್ ಸರ್ಕ್ಯೂಟು ಒಮ್ಮೆಲೇ ಕರೆಂಟ್ ನುಗ್ಗಿಸುವುದಿಲ್ಲ. ಉಪವಾಸ ಬಿದ್ದವರಿಗೆ ಮೊದಲು ಗಂಜಿ ಕೊಡ್ತಾರಲ್ಲ, ಹಾಗೆ ಸ್ವಲ್ಪ ಸ್ವಲ್ಪವೇ ಕೊಡುತ್ತೆ. ಅಷ್ಟು ಹೊತ್ತು ಸ್ಕ್ರೀನ್ ಹೊತ್ತಿಸುವಷ್ಟೂ ಶಕ್ತಿ ಇರಲ್ಲ. ನಾವು ನೋಡಿ ‘ಸತ್ತಿದೆ’ ಅಂತೀವಿ. (ಬ್ಯಾಟರಿ ಉಬ್ಬಿದ್ದರೆ ಮಾತ್ರ ಚಾರ್ಜಿಗೆ ಹಾಕಲೇಬೇಡಿ, ಬೆಂಕಿ ಹತ್ತಬಹುದು. ರೇಡಿಯೋ ಸೆಲ್ಲನ್ನು ಹಲ್ಲಲ್ಲಿ ಕಚ್ಚಿ, ಬಿಸಿಲಿಗಿಟ್ಟು ಇನ್ನೊಂದು ವಾರ್ತೆ ಕೇಳಿದ ಜನ ನಾವು. ಆ ವಿದ್ಯೆ ಇಲ್ಲಿ ಬೇಡ.)

ಊಟ ಮುಗಿಸಿ ಬರುವಷ್ಟರಲ್ಲಿ ಸ್ಕ್ರೀನಿನ ಮೇಲೆ ಪುಟ್ಟ ಬ್ಯಾಟರಿ ಚಿತ್ರ! ಆನ್ ಮಾಡಿದೆ. ಕಂಪನಿ ಗುರುತು ಬಂದು ಅಲ್ಲೇ ನಿಂತಿತು. ಹಿಂದಿನ ರೀಸೆಟ್ ತೂತಿಗೆ ಅಮ್ಮನ ಬಳೆಯಿಂದ ಸೇಫ್ಟಿ ಪಿನ್ ಇಸಿದುಕೊಂಡು ಒತ್ತಿದೆ, ಮತ್ತೆ ಅಲ್ಲೇ. ಕೊನೆಗೆ ಮೆಮೊರಿ ಕಾರ್ಡ್ ತೆಗೆದು ನೋಡಿದೆ. ಸಲೀಸಾಗಿ ಶುರುವಾಯಿತು. ಕಾರ್ಡಿನಲ್ಲಿ ಕೆಟ್ಟುಹೋದ ಯಾವುದೋ ಫೈಲನ್ನು ಓದಲು ಹೋಗಿ ಪಾಪ ಸಿಕ್ಕಿಹಾಕಿಕೊಳ್ಳುತ್ತಿತ್ತು, ಅಷ್ಟೇ. ಬೋರ್ಡ್ ಅಂತೆ ಬೋರ್ಡ್!

ರೆಕಾರ್ಡಿಂಗ್ ಎಲ್ಲ ಪ್ಲೇಯರಿನ ಒಳಗಿನ ಮೆಮೊರಿಯಲ್ಲೇ ಇತ್ತು. ಮೊದಲು ಅದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಬ್ಯಾಟರಿ ಈಗ ಇಪ್ಪತ್ತು ನಿಮಿಷಕ್ಕೆ ಸುಸ್ತಾಗುತ್ತಿದೆ, ಬದಲಾಯಿಸಬೇಕು. ಬಿಚ್ಚಿ ನೋಡಿದೆ, ಎರಡೇ ವೈರು. ಮೇಲೆ 303040 ಅಂತ ಬರೆದಿದೆ. 3.0 ಮಿಲಿಮೀಟರ್ ದಪ್ಪ, 30 ಅಗಲ, 40 ಉದ್ದ ಅಂತ ಅರ್ಥ. ಈ ನಂಬರ್ ಹಿಡಿದುಕೊಂಡು ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗೋದು ಅಂತ ಇದ್ದೀನಿ.

ಈಗಿನ ಗ್ಯಾಜೆಟ್‌ಗಳಲ್ಲಿ ಬ್ಯಾಟರಿಗೇ ಅಂಟು ಹಾಕಿ ಕೂರಿಸಿರುತ್ತಾರೆ. ಯುರೋಪಿನಲ್ಲಿ 2027ರ ಫೆಬ್ರವರಿಯಿಂದ ಇಂಥ ಬಹುತೇಕ ವಸ್ತುಗಳ ಬ್ಯಾಟರಿಯನ್ನು ಬಳಸುವವರೇ ತೆಗೆಯುವಂತಿರಬೇಕು ಅಂತ ಕಾನೂನು ಮಾಡಿದ್ದಾರೆ. ನಮ್ಮ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಒಂದನ್ನು, ಅಂದ್ರೆ ಕಂಪನಿಗಳ ರಿಪೇರಿ ಮಾಹಿತಿ ಒಂದೇ ಕಡೆ ಸಿಗುವ ವೆಬ್‌ಸೈಟನ್ನು ತೆರೆಯಿತು. ಒಳ್ಳೇದೇ. ಆದರೆ ಪೋರ್ಟಲ್ಲಿನಿಂದ ಅಂಟು ಬಿಡಲ್ಲ, ಅಲ್ವಾ?

ಸಂಜೆ ಜಗಲಿಯಲ್ಲಿ ಕೂತು ಒಂದು ರೆಕಾರ್ಡಿಂಗ್ ಹಾಕಿದೆ. ಮದ್ದಲೆ ನಿಂತು ವಾಲಿಯ ಮಾತು ಶುರುವಾಗಿತ್ತು. ಮಧ್ಯೆ ಜೋರಾಗಿ ಯಾರೋ ಕೆಮ್ಮಿದರು. ‘ಅಪ್ಪ, ನಿಮ್ಮ ಕೆಮ್ಮು!’ ಅಂದೆ. ಅಪ್ಪ ಇಯರ್‌ಫೋನ್ ಕಿತ್ತು ನನ್ನನ್ನೇ ನೋಡಿದರು. ‘ನಂದಲ್ಲ. ಪಕ್ಕದಲ್ಲಿ ಕೂತವನದ್ದು. ಅವತ್ತೂ ಹೀಗೇ ಹಾಳು ಮಾಡಿದ್ದ.’