ಎಕ್ಕೆ, ತಂಗಡಿಗಳನ್ನು ಇನ್ನು ಬೇಕೆಂದೇ ಬೆಳೆಸಬೇಕು

ನಾನಿರುವ ಮಿನೆಸೋಟಾದಲ್ಲಿ ಮನೆ ಮುಂದಿನ ಹುಲ್ಲುಹಾಸು ತೆಗೆದು, ಜೇನು, ಚಿಟ್ಟೆಗಳಿಗೆ ಆಸರೆಯಾಗುವ ಆ ನೆಲದ ಕಾಡುಹೂಗಳನ್ನು ಬೆಳೆಸುವವರಿಗೆ ರಾಜ್ಯ ಸರ್ಕಾರ ಖರ್ಚಿನ ಒಂದು ಪಾಲನ್ನು ಮರಳಿ ಕೊಡುವ ಯೋಜನೆಯಿದೆ. ನಾನು ಹುಟ್ಟಿದ ಹುನಗುಂದದ ಕಡೆ ಅದೇ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತಿದ್ದ ಗಿಡಗಳನ್ನು ದುಡ್ಡು ಕೊಟ್ಟು ಕಳೆನಾಶಕ ತಂದು ಸುಡುತ್ತಿದ್ದೇವೆ. ಊರಿಗೆ ಹೋದಾಗಲೆಲ್ಲ ಇದು ನನ್ನನ್ನು ಕಾಡುತ್ತದೆ. ಎಕ್ಕೆ, ತಂಗಡಿಗಳು ತಾವಾಗಿಯೇ ಬೆಳೆಯುತ್ತವೆ ಎಂದು ಸುಮ್ಮನಿರುವ ಕಾಲ ಮುಗಿದಿದೆ. ಇನ್ನು ಅವುಗಳಿಗೆ ಜಾಗ ಬಿಟ್ಟು, ಬೀಜ ಹಾಕಿ, ಬೇಕೆಂದೇ ಬೆಳೆಸಬೇಕು.

ಇಲ್ಲಿ ನನ್ನ ಅಂಗಳದಲ್ಲಿರುವುದು ಬಟರ್‌ಫ್ಲೈ ವೀಡ್. ಎಕ್ಕೆಯ ಕುಟುಂಬಕ್ಕೇ ಸೇರಿದ, ಎರಡಡಿಯ ಆಸುಪಾಸು ಬೆಳೆಯುವ, ಕಡು ಕಿತ್ತಳೆ ಬಣ್ಣದ ಗೊಂಚಲು ಹೂ ಬಿಡುವ ಬಹುವಾರ್ಷಿಕ ಗಿಡ. ಎಲೆ ಮುರಿದರೆ ಮಾತ್ರ ಎಕ್ಕೆಯಂತೆ ಹಾಲು ಬರುವುದಿಲ್ಲ. ಇದರ ಬೀಜ ಚಳಿ ಉಣ್ಣದೆ ಸರಿಯಾಗಿ ಮೊಳೆಯುವುದಿಲ್ಲ. ಹಿಮ ಬೀಳುವ ಮೊದಲೇ ನೆಲಕ್ಕೆ ಹಾಕಬೇಕು, ಇಲ್ಲವೇ ಒದ್ದೆ ಮರಳಿನಲ್ಲಿ ಬೆರೆಸಿ ಒಂದು ತಿಂಗಳಾದರೂ ಫ್ರಿಜ್ಜಿನಲ್ಲಿಡಬೇಕು. ಮೊದಲ ವರ್ಷ ಮೇಲೆ ಕಾಣುವುದು ಸ್ವಲ್ಪವೇ, ಏಕೆಂದರೆ ಅದರ ಶಕ್ತಿಯೆಲ್ಲ ತಾಯಿಬೇರು ಇಳಿಸುವುದಕ್ಕೆ ಹೋಗುತ್ತದೆ. ಹೂವಿಗೆ ಎರಡನೆಯ ಅಥವಾ ಮೂರನೆಯ ವರ್ಷದವರೆಗೆ ಕಾಯಬೇಕು. ಬೇರು ಇಳಿದ ಮೇಲೆ ಕಿತ್ತು ಬೇರೆಡೆ ನೆಟ್ಟರೆ ಬದುಕುವುದು ಕಷ್ಟ. ವಸಂತದಲ್ಲಿ ಉಳಿದ ಗಿಡಗಳೆಲ್ಲ ಚಿಗುರಿದ ಮೇಲೂ ಇದು ತಲೆ ಎತ್ತುವುದಿಲ್ಲ. ಸತ್ತಿತೆಂದು ಅವಸರಪಟ್ಟು ಅಗೆದವರು ಕೆಟ್ಟರು. ಬಿಸಿಲು ಬೇಕು, ನೀರು ನಿಲ್ಲದ ನೆಲ ಬೇಕು. ಗೊಬ್ಬರ ಬೇಡ, ಬೇರೂರಿದ ಮೇಲೆ ನೀರಿನ ಹಂಗೂ ಇಲ್ಲ. ಮಸಾರಿ ಹೊಲದಲ್ಲಿ ಬೆಳೆದವನಿಗೆ ಇಂಥ ಗಿಡದ ಸ್ವಭಾವ ಹೊಸದಲ್ಲ.

ಇಲ್ಲಿನವರು ಈ ಗಿಡಕ್ಕಾಗಿ ಇಷ್ಟು ಕಾಯುವುದಕ್ಕೆ ಮೊನಾರ್ಕ್ ಚಿಟ್ಟೆಯೇ ಕಾರಣ. ಅದು ಮೊಟ್ಟೆಯಿಡುವುದು ಮಿಲ್ಕ್‌ವೀಡ್ ಎಂದು ಕರೆಯುವ ಈ ಬಳಗದ ಗಿಡಗಳ ಮೇಲೆ, ಅದರ ಮರಿಹುಳು ಬೇರೆ ಎಲೆ ತಿನ್ನುವುದಿಲ್ಲ. ಬೇಸಿಗೆಯನ್ನು ಇಲ್ಲಿ ಕಳೆದು ಚಳಿಗೆ ಮೆಕ್ಸಿಕೋದ ಬೆಟ್ಟಗಳಿಗೆ ಹಾರಿಹೋಗುವ ಈ ವಲಸೆ ಚಿಟ್ಟೆಯನ್ನು 2022ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಅಪಾಯದ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಕಳೆನಾಶಕಕ್ಕೆ ಜಗ್ಗದ ಗೋವಿನಜೋಳ, ಸೋಯಾ ತಳಿಗಳು ಬಂದ ಮೇಲೆ ಹೊಲಗಳಿಗೆಲ್ಲ ಔಷಧಿ ಹೊಡೆದು, ಸಾಲುಗಳ ನಡುವೆ ಇದ್ದ ಈ ಗಿಡಗಳನ್ನು ಇಲ್ಲಿನ ರೈತರು ಬಹುಪಾಲು ಅಳಿಸಿಬಿಟ್ಟಿದ್ದರು. ಕಳೆದುಕೊಂಡ ಮೇಲೆ ಎಚ್ಚೆತ್ತರು. ಕೆನಡಾದ ಒಂಟಾರಿಯೊ ಪ್ರಾಂತ್ಯ 2014ರಲ್ಲಿ ಮಿಲ್ಕ್‌ವೀಡನ್ನು ಹಾನಿಕರ ಕಳೆಗಳ ಪಟ್ಟಿಯಿಂದ ತೆಗೆಯಿತು. 2016ರಲ್ಲಿ ಟೆಕ್ಸಾಸಿನಿಂದ ಮಿನೆಸೋಟಾವರೆಗಿನ ಆರು ರಾಜ್ಯಗಳು ಸೇರಿ, 35ನೆಯ ಅಂತರರಾಜ್ಯ ಹೆದ್ದಾರಿಯ ಎರಡೂ ಬದಿಗಳಲ್ಲಿ ಚಿಟ್ಟೆ ಮತ್ತು ಜೇನುಗಳಿಗೆ ನೆಲೆ ಒದಗಿಸುವ ಒಪ್ಪಂದ ಮಾಡಿಕೊಂಡವು.

ಈ ಬಳಗದ ಕಾಯಿಯೊಳಗಿನ ರೇಷ್ಮೆಯಂಥ ಅರಳೆಗೂ ಒಂದು ಕಥೆಯಿದೆ. ಎರಡನೆಯ ಮಹಾಯುದ್ಧದಲ್ಲಿ ಜಾವಾದಿಂದ ಬರುತ್ತಿದ್ದ ಬೂರುಗದ ಹತ್ತಿ ನಿಂತುಹೋದಾಗ, ನಾವಿಕರ ತೇಲುಕವಚಗಳಿಗೆ ತುಂಬಲು ಅಮೆರಿಕದ ಶಾಲಾ ಮಕ್ಕಳು ಮಿಲ್ಕ್‌ವೀಡ್ ಕಾಯಿಗಳನ್ನು ಚೀಲಗಟ್ಟಲೆ ಆಯ್ದು ಕೊಟ್ಟಿದ್ದರು. ನಮ್ಮಲ್ಲಿ ಎಕ್ಕೆಯ ಅರಳೆಯನ್ನು ದಿಂಬಿಗೆ ತುಂಬುತ್ತಿದ್ದರು. ಒಂದೇ ಕುಟುಂಬದ ಗಿಡಗಳು, ಒಂದೇ ಗುಣ.

ಮೊನಾರ್ಕ್‌ನ ದಾಯಾದಿ ನಮ್ಮೂರಲ್ಲೂ ಇದೆ. ಕಿತ್ತಳೆ ರೆಕ್ಕೆಯ ತುದಿಗೆ ಕಪ್ಪು ಬಣ್ಣ, ಅದರಲ್ಲಿ ಬಿಳಿ ಪಟ್ಟಿ ಇರುವ ಚಿಟ್ಟೆ. ಎರಡೂ ಡೇನಸ್ ಕುಲದವೇ. ಅಮೆರಿಕದಲ್ಲಿ ಮಿಲ್ಕ್‌ವೀಡ್ ಹೇಗೋ ನಮ್ಮೂರಲ್ಲಿ ಎಕ್ಕೆ ಹಾಗೆ: ಎಲೆಯ ವಿಷವನ್ನು ಹುಳು ಮೈಯಲ್ಲಿ ಕೂಡಿಸಿಟ್ಟುಕೊಳ್ಳುತ್ತದೆ, ಹಕ್ಕಿಗಳು ಅದರ ತಂಟೆಗೆ ಹೋಗುವುದಿಲ್ಲ. ನಮ್ಮ ಹೊಲದ ಒಡ್ಡಿನ ಮೇಲೆ ಎಕ್ಕೆಯ ಟೊಂಗೆ ನೆಡಬೇಕೆಂದು ಹೇಳಿದಾಗ ಕಾಕಾ ನನ್ನ ಮುಖವನ್ನೇ ನೋಡಿದರು. "ಎಕ್ಕೆಯನ್ನು ಯಾರಾದರೂ ನೆಡುತ್ತಾರೇನು ತಮ್ಮಾ? ಅದು ತಾನಾಗಿಯೇ ಬರುತ್ತದೆ" ಎಂದರು. "ಈ ಒಡ್ಡಿನ ಮೇಲೆ ಎಲ್ಲಿ ಬಂದಿದೆ ತೋರಿಸಿರಿ ಕಾಕಾ" ಎಂದೆ. ಈ ತುದಿಯಿಂದ ಆ ತುದಿಯವರೆಗೆ ನಡೆದೆವು. ಒಂದೂ ಇರಲಿಲ್ಲ.

ಹಿಂದೆ ಅದೇ ಒಡ್ಡಿನ ಮೇಲೆ ತಂಗಡಿ ಸಾಲಾಗಿ ನಿಂತಿರುತ್ತಿತ್ತು. ಕೆಲವರು ಆವರಿಕೆ ಎನ್ನುವ ಈ ಗಿಡದ ಹಳದಿ ಹೂವನ್ನು ನಮ್ಮ ಸೀಮೆಯವರೆಲ್ಲ ಕಂಡಿರುತ್ತೇವೆ, ಹತ್ತಿರ ಕುಳಿತು ನೋಡಿದವರು ಕಡಿಮೆ. ಅದರಲ್ಲಿ ಮಕರಂದವಿಲ್ಲ, ಇರುವುದು ಪರಾಗ ಮಾತ್ರ. ಅದೂ ಸುಲಭಕ್ಕೆ ಸಿಗುವುದಿಲ್ಲ. ಕೇಸರಗಳ ತುದಿಯಲ್ಲಿ ಸಣ್ಣ ರಂಧ್ರಗಳಿದ್ದು, ಪರಾಗ ಅದರೊಳಗೆ ಬಂದಿಯಾಗಿರುತ್ತದೆ. ಕರಿ ದುಂಬಿ ಬಂದು ಕೇಸರಗಳನ್ನು ಅವುಚಿ ಹಿಡಿಯುತ್ತದೆ, ರೆಕ್ಕೆ ಬಡಿಯದೆ ಹಾರುವ ಸ್ನಾಯುಗಳನ್ನಷ್ಟೇ ಅದುರಿಸುತ್ತದೆ. ಆಗ ಅದರ ಝೇಂಕಾರದ ಸ್ವರವೇ ಬದಲಾಗುತ್ತದೆ. ಪರಾಗ ಹೊಗೆಯಂತೆ ಹೊರಚಿಮ್ಮಿ ಅದರ ಹೊಟ್ಟೆಯಡಿಯ ರೋಮಕ್ಕೆ ಅಂಟುತ್ತದೆ. ಬದನೆಯ ಹೂವಿನ ಕಟ್ಟಡವೂ ಇಂಥದ್ದೇ. ಜೇನುನೊಣಕ್ಕೆ ಹೀಗೆ ಅದುರಿಸಲು ಬರುವುದಿಲ್ಲ. ಎಣ್ಣೆಗಾಯಿ ಇಲ್ಲದೆ ರೊಟ್ಟಿ ಮುರಿಯದ ನಾವು ದುಂಬಿಯ ಈ ಋಣವನ್ನು ಮರೆತಿದ್ದೇವೆ. ಬದನೆ ಹೂ ಬಿಡುವುದು ಕೆಲವು ತಿಂಗಳು ಮಾತ್ರ. ಉಳಿದ ಕಾಲದಲ್ಲಿ ದುಂಬಿಯನ್ನು ಊರಿನಲ್ಲೇ ಹಿಡಿದಿಡಲು ಒಡ್ಡಿನ ಮೇಲಿನ ತಂಗಡಿ, ಎಕ್ಕೆಗಳು ಬೇಕು. ಸೂರ್ಯಕಾಂತಿಯ ತೆನೆಯಲ್ಲಿ ಜೊಳ್ಳು ಹೆಚ್ಚಾದರೆ ಬೀಜದ ಕಂಪನಿಯನ್ನು ಬೈಯುತ್ತೇವೆ. ಹೂವಿನ ಕಾಲದಲ್ಲಿ ಹೊಲಕ್ಕೆ ಹುಳುಗಳು ಬಂದವೇ ಎಂದು ಯಾರೂ ಕೇಳುವುದಿಲ್ಲ.

ಗಿಡಗಳು ಹೋದದ್ದೇಕೆ ಎಂಬುದಕ್ಕೆ ದೂರ ಹುಡುಕಬೇಕಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಒಡ್ಡುಗಳು ಸಣ್ಣವಾದವು, ಕೆಲವೆಡೆ ಅಳಿದೇಹೋದವು. ನೀರಾವರಿ ಬಂದಲ್ಲಿ ಕಬ್ಬು ಒಡ್ಡಿನ ಬುಡಕ್ಕೆ ತಾಗಿ ನಿಂತಿತು. ಕೂಲಿ ಸಿಗದ ಕಡೆ ಕಳೆನಾಶಕ ಬಂತು, ರೈತನ ಆ ಸಂಕಟ ನನಗೆ ಅರ್ಥವಾಗುತ್ತದೆ. ದುಂಬಿಗಳು ಒಣ ಮರದಲ್ಲಿ ಕೊರೆದು ಗೂಡು ಮಾಡುತ್ತವೆ. ಮಾಳಿಗೆ ಮನೆಗಳ ತೊಲೆ, ಜಂತೆಗಳು ಹೋಗಿ ಕಾಂಕ್ರೀಟ್ ಬಂದಾಗ ಆ ಆಸರೆಯೂ ತಪ್ಪಿತು. ಹೆದ್ದಾರಿಯ ನಡುವಿನ ಪಟ್ಟಿಯಲ್ಲಿ ದಕ್ಷಿಣ ಅಮೆರಿಕದ ಕಾಗದದ ಹೂವಿಗೆ ಟ್ಯಾಂಕರಿನಲ್ಲಿ ನೀರುಣಿಸುವುದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ನೀರು ಕೇಳದೆ ಚಿನ್ನದಂತೆ ಅರಳುವ ತಂಗಡಿ ಆ ನೆಲದ್ದೇ ಮಗಳು. ಪಕ್ಕದ ತೆಲಂಗಾಣ ಅದನ್ನು ರಾಜ್ಯದ ಹೂವೆಂದು ಗೌರವಿಸಿದೆ.

ಅಮೆರಿಕದ ರೀತಿಯೆಲ್ಲ ನನಗೆ ಒಪ್ಪಿಗೆಯೆಂದಲ್ಲ. ಇಲ್ಲಿ ಕಾಡುಹೂವೂ ಅಂಗಡಿಯ ಸರಕು. ಜೇನಿಗೆಂದು ಮಾರುವ ಸಸಿಗೇ ಕೀಟನಾಶಕ ಉಣಿಸಿರುವುದುಂಟು. ಗಿಡದೊಂದಿಗಿನ ಒಡನಾಟದಲ್ಲಿ ನಾವೇ ಶ್ರೀಮಂತರು. ರಥಸಪ್ತಮಿಯ ಸ್ನಾನಕ್ಕೆ ಎಕ್ಕೆಯ ಏಳು ಎಲೆ, ಶನಿವಾರ ಹಣಮಪ್ಪನಿಗೆ ಎಕ್ಕೆಯ ಹಾರ, ಬೇರಿನಲ್ಲಿ ಗಣಪ. ತಂಗಡಿಯ ತೊಗಟೆಯಿಂದ ಚರ್ಮ ಹದಮಾಡುತ್ತಿದ್ದರು. ಇಷ್ಟೆಲ್ಲ ಕೊಟ್ಟ ಗಿಡಕ್ಕೆ ಒಡ್ಡಿನ ಮೇಲೆ ಒಂದು ಮೊಳ ಜಾಗ ಕೊಡಲಾರೆವೇ?

ಮಾಡುವುದು ಕಷ್ಟವಲ್ಲ. ತಂಗಡಿಯ ಒಣಗಿದ ಕಾಯಿ ಬಿಡಿಸಿ ಬೀಜ ತೆಗೆಯಿರಿ. ಸಿಪ್ಪೆ ಗಟ್ಟಿಯಿರುವುದರಿಂದ ಬಿಸಿ ನೀರು ಸುರಿದು ಒಂದು ರಾತ್ರಿ ನೆನೆಸಿ, ಮುಂಗಾರಿನ ಮಳೆ ಹದವಾಗಿ ಬಿದ್ದ ಮೇಲೆ ಒಡ್ಡಿನಲ್ಲೇ ಊರಿರಿ. ಗರಸು ನೆಲವಾದರೂ ನಡೆಯುತ್ತದೆ. ಆಡು, ದನ ಬಾಯಿ ಹಾಕುವುದು ಕಡಿಮೆ, ಬೇಲಿ ಬೇಡ. ಎಕ್ಕೆಯ ಬಲಿತ ಟೊಂಗೆ ನೆಟ್ಟರೂ ಬೇರು ಬಿಡುತ್ತದೆ, ಆದರೆ ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಆದ್ದರಿಂದ ಶಾಲೆಯ ಅಂಗಳಕ್ಕೆ ತಂಗಡಿ, ಹೊಲದ ಒಡ್ಡಿಗೆ ಎಕ್ಕೆ. ಅಲ್ಲಿಗೆ ಕಳೆನಾಶಕದ ಪಂಪು ತರಬೇಡಿ. ನಮ್ಮ ಜಿಲ್ಲೆಯಲ್ಲಿ 2008ರಿಂದ ತೋಟಗಾರಿಕಾ ವಿಶ್ವವಿದ್ಯಾಲಯವೇ ಇದೆ. ದಾಳಿಂಬೆ, ಮಾವಿನ ಸಸಿ ಕೇಳಲು ಹೋದವರು ತಂಗಡಿಯ ಸಸಿಯನ್ನೂ ಕೇಳಬೇಕು. ಉದ್ಯೋಗ ಖಾತ್ರಿಯಲ್ಲಿ ಬದು ಹಾಕಿಸುವಾಗ ಅದರ ಮೇಲೆ ಈ ಬೀಜ ಬಿತ್ತಿಸಬೇಕೆಂದು ಗ್ರಾಮಸಭೆಯಲ್ಲಿ ಬರೆಸಬೇಕು. ಕಾಕಾ ಈಗ ಒಪ್ಪಿದ್ದಾರೆ. ನಮ್ಮೂರ ಸಭೆಯಲ್ಲಿ ಆ ಮಾತನ್ನು ಎತ್ತುವವರು ಅವರೇ.